ಪ್ರಯೋಗದಲ್ಲಿ ಏನೂ ಸಿಗಲಿಲ್ಲವೇ? ಮೊದಲು ಅಳತೆಯನ್ನು ತಪಾಸಣೆ ಮಾಡಿ

ಮನೋವಿಜ್ಞಾನದ ಪ್ರಯೋಗ ಮುಗಿದಿದೆ. ಡೇಟಾ ಎಲ್ಲ ತುಂಬಿ ಆಗಿದೆ. ಅಂಕಿಅಂಶದ ಸಾಫ್ಟ್‌ವೇರ್‌ಗಳಾದ ಜಾಮೋವಿಯಲ್ಲೋ ಎಸ್‌ಪಿಎಸ್‌ಎಸ್‌ನಲ್ಲೋ ಹಾಕಿ ನೋಡಿದರೆ ಎರಡು ಗುಂಪುಗಳ ನಡುವೆ ವ್ಯತ್ಯಾಸವೇ ಇಲ್ಲ. ಆಗ ಮೊದಲು ಬರುವ ಮಾತು, "ಸ್ಯಾಂಪಲ್ ಸಾಲಲಿಲ್ಲ". ಎರಡನೆಯದು, "ನಮ್ಮ ಊಹೆಯೇ ತಪ್ಪು". ಎರಡೂ ನಿಜ ಇರಬಹುದು. ಆದರೆ ಆ ತೀರ್ಮಾನಕ್ಕೆ ಬರುವ ಮುಂಚೆ ಅಳತೆಯನ್ನೇ ತಪಾಸಣೆ ಮಾಡಬೇಕು. ಅಳತೆ ಕೆಟ್ಟಿದ್ದರೆ ಇನ್ನೂರು ಜನರನ್ನು ಸೇರಿಸಿದರೂ ಉತ್ತರ ಸಿಗುವುದು ಕಷ್ಟ.

ಪಠ್ಯಪುಸ್ತಕಗಳು ವಿಶ್ವಸನೀಯತೆ, ಸಪ್ರಮಾಣತೆ ಎನ್ನುತ್ತವೆ. ಲ್ಯಾಬಿನಲ್ಲಿ ಎಲ್ಲರ ಬಾಯಲ್ಲೂ ಇರುವುದು ರಿಲಯಬಿಲಿಟಿ, ವ್ಯಾಲಿಡಿಟಿ. ಇಲ್ಲೂ ಹಾಗೇ ಬರೆಯುತ್ತೇನೆ. ಬಂದ ಅಂಕ ಎಷ್ಟು ಸ್ಥಿರ ಎನ್ನುವುದು ರಿಲಯಬಿಲಿಟಿ. ಆ ಅಂಕ ನೀವು ಹೇಳುತ್ತಿರುವ ವಿಷಯದ್ದೇನಾ ಎನ್ನುವುದು ವ್ಯಾಲಿಡಿಟಿ. ಸ್ಕೇಲ್ ಎಂದರೆ ಅಂಕ ಕೊಟ್ಟು ಅಳೆಯುವ ಪ್ರಶ್ನಾವಳಿ. ಒಂದು ಮಾತು ಮಾತ್ರ ಈಗಲೇ ಹೇಳಿಬಿಡಬೇಕು. "ಈ ಸ್ಕೇಲ್ ರಿಲಯಬಲ್" ಎನ್ನುವುದು ಅರ್ಧ ಸತ್ಯ. ರಿಲಯಬಿಲಿಟಿ ಸ್ಕೇಲಿನ ಗುಣ ಅಲ್ಲ. ಈ ಜನರಿಂದ, ಈ ಸಂದರ್ಭದಲ್ಲಿ, ಈ ಕೆಲಸಕ್ಕಾಗಿ ಪಡೆದ ಅಂಕಗಳ ಗುಣ ಅದು. ಮುಂದೆ ಬರುವ ದೋಷಗಳಲ್ಲಿ ಬಹುಪಾಲು ಈ ಮಾತನ್ನು ಮರೆತಾಗಲೇ ಹುಟ್ಟುವುದು.

ತಪಾಸಣೆಗೆ ಹೀಗೊಂದು ಪ್ರಯೋಗ ಇಟ್ಟುಕೊಳ್ಳೋಣ. ಪರೀಕ್ಷೆ ಹತ್ತಿರ ಬಂದಿರುವ 60 ಡಿಗ್ರಿ ವಿದ್ಯಾರ್ಥಿಗಳು. ಅರ್ಧ ಜನರಿಗೆ ಇಪ್ಪತ್ತು ನಿಮಿಷ ಉಸಿರಾಟದ ಅಭ್ಯಾಸ. ಉಳಿದವರಿಗೆ ಅಷ್ಟೇ ಹೊತ್ತು ಪತ್ರಿಕೆ ಓದುವ ಕೆಲಸ. ಮುಂಚೆ ಒಮ್ಮೆ, ಆಮೇಲೆ ಒಮ್ಮೆ ಒತ್ತಡ ಅಳೆಯುತ್ತಾರೆ. ಅದಕ್ಕೆ ಬಳಸಿದ್ದು ಪಿಎಸ್‌ಎಸ್-10. ಶೆಲ್ಡನ್ ಕೋಹೆನ್ ಮತ್ತು ಸಂಗಡಿಗರು 1983ರಲ್ಲಿ ಪ್ರಕಟಿಸಿದ ಒತ್ತಡದ ಸ್ಕೇಲಿನ ಹತ್ತು ಪ್ರಶ್ನೆಗಳ ರೂಪ ಇದು. ಫಲಿತಾಂಶ: ಆಲ್ಫಾ 0.41, ಗುಂಪುಗಳ ನಡುವೆ ವ್ಯತ್ಯಾಸ ಇಲ್ಲ. ಆಲ್ಫಾ ಎಂದರೆ ಒಂದು ಸ್ಕೇಲಿನ ಪ್ರಶ್ನೆಗಳ ಉತ್ತರಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆ ಎಂದು ಹೇಳುವ ಅಂಕೆ, ಸಾಮಾನ್ಯವಾಗಿ 0 ಮತ್ತು 1ರ ನಡುವೆ ಇರುತ್ತದೆ.

ಆಲ್ಫಾ ತೀರಾ ಕಡಿಮೆ, ಅಥವಾ ಮೈನಸ್

ಇದು ಎಲ್ಲಕ್ಕಿಂತ ಅಗ್ಗದಲ್ಲಿ ಸರಿಹೋಗುವ ದೋಷ. ಹಾಗಾಗಿ ಇಲ್ಲಿಂದಲೇ ಶುರು ಮಾಡಿ. ಪಿಎಸ್‌ಎಸ್-10ರಲ್ಲಿ 4, 5, 7, 8ನೇ ಪ್ರಶ್ನೆಗಳು ಉಲ್ಟಾ ದಿಕ್ಕಿನವು. "ನನ್ನ ತೊಂದರೆಗಳನ್ನು ನಾನೇ ನಿಭಾಯಿಸಬಲ್ಲೆ ಅನ್ನಿಸಿತೇ" ಎಂಬ ಧಾಟಿಯ ಪ್ರಶ್ನೆಗಳು ಇವು. ಜಾಸ್ತಿ ಅಂಕ ಕೊಟ್ಟರೆ ಒತ್ತಡ ಕಡಿಮೆ ಎಂದು ಅರ್ಥ. ಮೊತ್ತ ಹಾಕುವ ಮುಂಚೆ ಇವುಗಳನ್ನು ತಿರುಗಿಸಬೇಕು. ಉತ್ತರಗಳು 0ಯಿಂದ 4ರವರೆಗೆ ಇದ್ದರೆ 4ರಿಂದ ಕಳೆಯಿರಿ. ಗೂಗಲ್ ಫಾರ್ಮ್‌ನಿಂದ 1ರಿಂದ 5 ಎಂದು ಇಳಿದಿದ್ದರೆ 6ರಿಂದ ಕಳೆಯಿರಿ. ಆಮೇಲೆ ಪ್ರತಿ ಕಾಲಂನ ಕನಿಷ್ಠ, ಗರಿಷ್ಠ ಅಂಕ ನೋಡಿ. ಎಲ್ಲಾದರೂ –1 ಅಥವಾ 6 ಕಂಡರೆ ತಪ್ಪು ಸೂತ್ರ ಹಾಕಿದ್ದೀರಿ.

ದೋಷ ಎಲ್ಲಿದೆ ಎಂದು ಹುಡುಕಲು ಸುಲಭದ ದಾರಿ ಇದೆ. ಪ್ರತಿ ಪ್ರಶ್ನೆಗೂ ಉಳಿದ ಪ್ರಶ್ನೆಗಳ ಮೊತ್ತಕ್ಕೂ ಇರುವ ಸಹಸಂಬಂಧವನ್ನು (ಎರಡೂ ಎಷ್ಟು ಒಟ್ಟಿಗೆ ಏರಿಳಿಯುತ್ತವೆ ಎಂಬ ಅಂಕೆಯನ್ನು) ಸಾಫ್ಟ್‌ವೇರ್ ತಾನೇ ಪಟ್ಟಿ ಮಾಡಿ ಕೊಡುತ್ತದೆ. ಅದರಲ್ಲಿ ಮೈನಸ್ ಬಂದ ಪ್ರಶ್ನೆಗಳು ಯಾವುವು ನೋಡಿ. ನಾಲ್ಕೂ ಉಲ್ಟಾ ಪ್ರಶ್ನೆಗಳೇ ಆಗಿದ್ದರೆ ತಿರುಗಿಸಲು ಮರೆತಿದ್ದೀರಿ, ಅಷ್ಟೇ. ತಿರುಗಿಸಿದ ಮೇಲೆ ನಮ್ಮ ಉದಾಹರಣೆಯ ಆಲ್ಫಾ 0.79ಕ್ಕೆ ಏರಿತು ಎಂದುಕೊಳ್ಳಿ. ಒಂದು ಗಂಟು ಬಿಚ್ಚಿತು.

ಇದೇ ಜಾತಿಯ ಇನ್ನೊಂದು ತಪ್ಪು ಡಿಎಎಸ್‌ಎಸ್-21ರಲ್ಲಿ ಆಗುತ್ತದೆ. ಅದು ಖಿನ್ನತೆ, ಆತಂಕ, ಒತ್ತಡ ಅಳೆಯುವ 42 ಪ್ರಶ್ನೆಗಳ ಸ್ಕೇಲಿನ ಚಿಕ್ಕ ರೂಪ. ಕೈಪಿಡಿಯ ಮಟ್ಟಗಳ ಜೊತೆ ಹೋಲಿಸುವ ಮುಂಚೆ ಮೊತ್ತವನ್ನು ಎರಡರಿಂದ ಗುಣಿಸಬೇಕು. ಗುಣಿಸದೆ ಬಿಟ್ಟರೆ ಇಡೀ ತರಗತಿಯೇ ಸಾಮಾನ್ಯ ಮಟ್ಟದಲ್ಲಿದೆ ಎಂದು ತೋರಿಬಿಡಬಹುದು. ಆಲ್ಫಾ ಇದನ್ನು ಹಿಡಿದುಕೊಡುವುದಿಲ್ಲ. ಏಕೆಂದರೆ ಗುಣಾಕಾರದಿಂದ ಆಲ್ಫಾ ಬದಲಾಗುವುದೇ ಇಲ್ಲ.

ತಿರುಗಿಸಿದ ಮೇಲೂ ಉಲ್ಟಾ ಪ್ರಶ್ನೆಗಳೇ ತಕರಾರು ಮಾಡಿದರೆ ಉತ್ತರ ಕೊಟ್ಟವರ ಕಡೆ ನೋಡಿ. ಹತ್ತಕ್ಕೆ ಹತ್ತೂ ಪ್ರಶ್ನೆಗೆ ಒಂದೇ ಕಾಲಂನಲ್ಲಿ ಟಿಕ್ ಹಾಕಿದವರು ಎಷ್ಟು ಜನ? ಉಲ್ಟಾ ಪ್ರಶ್ನೆಗಳಿರುವ ಸ್ಕೇಲಿನಲ್ಲಿ ಅಂಥ ಉತ್ತರ ತನ್ನನ್ನು ತಾನೇ ಅಲ್ಲಗಳೆಯುತ್ತದೆ. ಅವರು ಓದಿಯೇ ಇಲ್ಲದಿರಬಹುದು. ಅಥವಾ ಓದಿ ಗೊಂದಲಕ್ಕೆ ಬಿದ್ದಿರಬಹುದು. ರೋಸೆನ್‌ಬರ್ಗ್ ಅವರ 1965ರ ಸ್ವಾಭಿಮಾನದ ಸ್ಕೇಲನ್ನು 53 ದೇಶಗಳಲ್ಲಿ ಪ್ರಯೋಗಿಸಿದ ಅಧ್ಯಯನ 2005ರಲ್ಲಿ ಬಂತು. ನಕಾರಾತ್ಮಕ ಧಾಟಿಯ ಪ್ರಶ್ನೆಗಳನ್ನು ಎಲ್ಲ ಕಡೆ ಜನ ಒಂದೇ ರೀತಿ ಅರ್ಥ ಮಾಡಿಕೊಳ್ಳುವುದಿಲ್ಲ ಎಂದು ಅದರಲ್ಲಿ ಕಂಡಿತು. ಕನ್ನಡಕ್ಕೆ ತಂದ ಸ್ಕೇಲುಗಳಲ್ಲೂ ಈ ತೊಡಕನ್ನು ನಿರೀಕ್ಷಿಸಿ. "ನಾನು ಪ್ರಯೋಜನಕ್ಕೆ ಬಾರದವನು ಎಂದು ನನಗೆ ಅನ್ನಿಸುವುದಿಲ್ಲ" ಎಂಬ ವಾಕ್ಯದ ಮುಂದೆ "ಒಪ್ಪುವುದಿಲ್ಲ" ಎಂದು ಟಿಕ್ ಹಾಕಬೇಕಾದರೆ ಯಾರಿಗಾದರೂ ತಲೆ ಕೆಡುತ್ತದೆ, ಅಲ್ವಾ?

ಕನ್ನಡದಿಂದ ಮತ್ತೆ ಇಂಗ್ಲಿಷಿಗೆ ಅನುವಾದಿಸಿ ಹೋಲಿಸುವ ಕ್ರಮ, ರಿಚರ್ಡ್ ಬ್ರಿಸ್ಲಿನ್ 1970ರಲ್ಲಿ ವಿವರಿಸಿದ್ದು, ಬೇಕೇ ಬೇಕು. ಆದರೆ ಅದು ಇಬ್ಬರು ಅನುವಾದಕರಿಗೆ ಅರ್ಥವಾಯಿತು ಎಂದಷ್ಟೇ ಹೇಳುತ್ತದೆ. ನಾಲ್ಕೈದು ವಿದ್ಯಾರ್ಥಿಗಳನ್ನು ಕೂರಿಸಿ, ಪ್ರತಿ ಪ್ರಶ್ನೆಗೂ ಮನಸ್ಸಿನಲ್ಲಿ ಏನು ಬಂತು ಎಂದು ಬಾಯಿಬಿಟ್ಟು ಹೇಳಿಸಿ ನೋಡಿ. ಒಂದು ಮಧ್ಯಾಹ್ನದ ಕೆಲಸ. ಎಷ್ಟೋ ಪ್ರಬಂಧಗಳನ್ನು ಉಳಿಸಬಲ್ಲ ಕೆಲಸ.

ಆಲ್ಫಾ 0.70 ಮುಟ್ಟಲಿಲ್ಲ ಎಂಬ ಚಿಂತೆ

ಲೀ ಕ್ರಾನ್‌ಬಾಕ್ 1951ರಲ್ಲಿ ಆಲ್ಫಾ ಕುರಿತು ಬರೆದರು. ಕನಿಷ್ಠ 0.70 ಇರಬೇಕು ಎಂಬ ಗೆರೆ ಆಮೇಲೆ ಬಳಕೆಗೆ ಬಂದದ್ದು. ಆಲ್ಫಾ ಪ್ರಶ್ನೆಗಳ ಸಂಖ್ಯೆಯ ಮೇಲೆ ಎಷ್ಟು ನಿಂತಿದೆ ನೋಡಿ. ಪ್ರಶ್ನೆಗಳ ನಡುವಿನ ಸರಾಸರಿ ಸಹಸಂಬಂಧ ಬರೀ 0.20 ಎಂದಿಟ್ಟುಕೊಳ್ಳಿ. ಐದು ಪ್ರಶ್ನೆ ಇದ್ದರೆ ಆಲ್ಫಾ 0.56. ಹತ್ತಿದ್ದರೆ 0.71. ಇಪ್ಪತ್ತಿದ್ದರೆ 0.83. ಪ್ರಶ್ನೆಗಳ ಗುಣ ಒಂದಿಷ್ಟೂ ಬದಲಾಗಿಲ್ಲ, ಉದ್ದ ಮಾತ್ರ ಬದಲಾಗಿದೆ. ಹಾಗಾಗಿ ಆಲ್ಫಾ ಜಾಸ್ತಿ ಎಂದ ಮಾತ್ರಕ್ಕೆ ಸ್ಕೇಲ್ ಒಂದೇ ವಿಷಯವನ್ನು ಅಳೆಯುತ್ತದೆ ಎನ್ನಲಾಗದು. 0.97 ಬಂದರೆ ಖುಷಿಪಡಬೇಡಿ. ಒಂದೇ ಪ್ರಶ್ನೆಯನ್ನು ಬೇರೆ ಬೇರೆ ಮಾತಿನಲ್ಲಿ ಮತ್ತೆ ಮತ್ತೆ ಕೇಳಿದ್ದೀರಾ ಎಂದು ನೋಡಿ.

ಇದಕ್ಕೆ ಎದುರಾದ ಉದಾಹರಣೆಯೂ ಇದೆ. ಸ್ಯಾಮ್ ಗಾಸ್ಲಿಂಗ್ ಮತ್ತು ಸಂಗಡಿಗರು 2003ರಲ್ಲಿ ತಂದ ಟಿಐಪಿಐ ಸ್ಕೇಲ್ ಐದು ವ್ಯಕ್ತಿತ್ವ ಗುಣಗಳನ್ನು ಹತ್ತೇ ಪ್ರಶ್ನೆಗಳಲ್ಲಿ ಅಳೆಯುತ್ತದೆ. ಒಂದು ಗುಣಕ್ಕೆ ಎರಡೇ ಪ್ರಶ್ನೆ. ಗುಣದ ಬೇರೆ ಬೇರೆ ಮುಖ ಹಿಡಿಯಲಿ ಎಂದು ಬೇಕಂತಲೇ ಭಿನ್ನ ಪ್ರಶ್ನೆಗಳನ್ನು ಆರಿಸಿದ್ದಾರೆ. ಅದರ ಆಲ್ಫಾ ಕಡಿಮೆ ಇರುವುದು ಸಹಜ. ಅಲ್ಲಿ ಕೆಲವು ವಾರ ಬಿಟ್ಟು ಮತ್ತೆ ಅಳೆದು ಹೋಲಿಸುವುದೇ ಸರಿಯಾದ ಪರೀಕ್ಷೆ.

ಆಲ್ಫಾ ಚೆನ್ನಾಗಿದೆ, ಆದರೂ ಅಂಕ ಅಲುಗುತ್ತಿಲ್ಲ

ನಮ್ಮ ಉಸಿರಾಟದ ಪ್ರಯೋಗಕ್ಕೆ ಮರಳೋಣ. ತಿರುಗಿಸಿದ ಮೇಲೆ ಆಲ್ಫಾ ಸರಿಯಾಯಿತು. ಗುಂಪುಗಳ ನಡುವೆ ಈಗಲೂ ವ್ಯತ್ಯಾಸ ಇಲ್ಲ. ಪ್ರಶ್ನಾವಳಿಯ ಮೇಲ್ಭಾಗದ ಸೂಚನೆಯನ್ನು ಒಮ್ಮೆ ಓದಿ. ಪಿಎಸ್‌ಎಸ್ ಕೇಳುವುದು ಕಳೆದ ಒಂದು ತಿಂಗಳ ಬಗ್ಗೆ. ಇಪ್ಪತ್ತು ನಿಮಿಷ ಉಸಿರಾಟದ ಅಭ್ಯಾಸ ಮಾಡಿದವರ ಕಳೆದ ತಿಂಗಳು ಬದಲಾಗುವುದು ಹೇಗೆ? ಪ್ರಾಮಾಣಿಕವಾಗಿ ಉತ್ತರಿಸಿದ ವಿದ್ಯಾರ್ಥಿ ಎರಡೂ ಸಲ ಒಂದೇ ಅಂಕ ಕೊಡಬೇಕು. ಅಕಸ್ಮಾತ್ ವ್ಯತ್ಯಾಸ ಬಂದಿದ್ದರೇ ಅದನ್ನು ಅನುಮಾನಿಸಬೇಕಿತ್ತು.

ದೋಷ ಇರುವುದು ಇಲ್ಲಿ. ಸ್ಕೇಲ್ ಒಳ್ಳೆಯದೇ, ಆಲ್ಫಾ ಒಳ್ಳೆಯದೇ, ಈ ಕೆಲಸಕ್ಕೆ ಮಾತ್ರ ಸಲ್ಲದು. ಅಳತೆ ಆರಿಸುವಾಗ ಆಲ್ಫಾದಿಂದ ಶುರು ಮಾಡಬೇಡಿ ಎಂದು ಒತ್ತಿ ಹೇಳುವುದು ಇದಕ್ಕೇ. ನಿಮ್ಮ ಪ್ರಯೋಗ ಏನನ್ನು ಬದಲಿಸುತ್ತದೆ, ಎಷ್ಟು ಹೊತ್ತಿನ ಮಟ್ಟಿಗೆ ಬದಲಿಸುತ್ತದೆ ಎಂದು ಮೊದಲು ಬರೆದಿಟ್ಟುಕೊಳ್ಳಿ. ಆಮೇಲೆ ಸ್ಕೇಲ್ ಹುಡುಕಿ. ಖಿನ್ನತೆ ಅಳೆಯುವ ಪಿಎಚ್‌ಕ್ಯೂ-9 ಕೇಳುವುದು ಕಳೆದ ಎರಡು ವಾರದ ಬಗ್ಗೆ. ಡಿಎಎಸ್‌ಎಸ್ ಕೇಳುವುದು ಕಳೆದ ವಾರದ ಬಗ್ಗೆ. ಎರಡು ತಿಂಗಳ ತರಬೇತಿಯ ಪರಿಣಾಮ ನೋಡಲು ಇವು ಸರಿ. ಒಂದು ಮಧ್ಯಾಹ್ನದ ಪ್ರಯೋಗಕ್ಕೆ ಬೇಕಾದದ್ದು "ಈಗ, ಈ ಕ್ಷಣ ಹೇಗನ್ನಿಸುತ್ತಿದೆ" ಎಂದು ಕೇಳುವ ಅಳತೆ. ಸ್ಪೀಲ್‌ಬರ್ಗರ್ ಅವರ ಎಸ್‌ಟಿಎಐ ಇದೇ ಭೇದದ ಮೇಲೆ ನಿಂತಿದೆ. ಅದರಲ್ಲಿ 20 ಪ್ರಶ್ನೆ ಸದ್ಯದ ಆತಂಕಕ್ಕೆ, 20 ಪ್ರಶ್ನೆ ಸ್ವಭಾವದ ಆತಂಕಕ್ಕೆ. ಸದ್ಯದ ಭಾಗಕ್ಕೆ 1992ರಲ್ಲಿ ಬಂದ ಆರು ಪ್ರಶ್ನೆಗಳ ಚಿಕ್ಕ ರೂಪವೂ ಇದೆ. ಭಾವನೆಗಳನ್ನು ಅಳೆಯುವ ಪನಾಸ್ ಪಟ್ಟಿಯ 20 ಪದಗಳನ್ನೂ "ಈ ಕ್ಷಣ" ಎಂಬ ಸೂಚನೆಯೊಂದಿಗೆ ಕೊಡಬಹುದು.

ಇಲ್ಲೊಂದು ಗೊಂದಲ ಸಾಮಾನ್ಯ. ಸದ್ಯದ ಆತಂಕದ ಅಂಕ ಇವತ್ತು ಒಂದು, ಮುಂದಿನ ವಾರ ಇನ್ನೊಂದು ಬರುತ್ತದೆ. ಅದನ್ನು ನೋಡಿ "ಮರುಪರೀಕ್ಷೆಯ ರಿಲಯಬಿಲಿಟಿ ಕಡಿಮೆ, ಈ ಸ್ಕೇಲ್ ಬೇಡ" ಎಂದು ಗೈಡ್ ಹೇಳಿದರೆ ವಿನಯದಿಂದಲೇ ವಾದ ಮಾಡಿ. ಕ್ಷಣಕ್ಷಣಕ್ಕೂ ಬದಲಾಗುವುದನ್ನು ಹಿಡಿಯಲೆಂದೇ ಅದನ್ನು ಮಾಡಿರುವುದು. ಅಲ್ಲಿ ನೋಡಬೇಕಾದದ್ದು ಒಂದೇ ಹೊತ್ತಿನ ಉತ್ತರಗಳು ಒಂದಕ್ಕೊಂದು ಹೊಂದುತ್ತವೆಯೇ ಎಂಬುದನ್ನು.

ಅಂಕ ಅಲುಗದಿರಲು ಇನ್ನೊಂದು ಕಾರಣ, ಎಲ್ಲರೂ ತಳದಲ್ಲೇ ಇರುವುದು. ಪಿಎಚ್‌ಕ್ಯೂ-9ರ ಅಂಕ 0ಯಿಂದ 27. ಆರೋಗ್ಯವಂತ ವಿದ್ಯಾರ್ಥಿಗಳಲ್ಲಿ ಬಹಳ ಜನ 2, 3, 4ರಲ್ಲೇ ಇದ್ದರೆ ಇಳಿಯಲು ಜಾಗವೇ ಇಲ್ಲ. ಪೈಲಟ್ ಡೇಟಾದ ಹಿಸ್ಟೋಗ್ರಾಮ್ ಒಂದು ನೋಡಿದರೆ ಇದು ಗೊತ್ತಾಗುತ್ತದೆ. ಈ ಸ್ಕೇಲ್ ಬಳಸುವವರಿಗೆ ಇನ್ನೊಂದು ಮಾತು. ಅದರ ಒಂಬತ್ತನೇ ಪ್ರಶ್ನೆ ಸಾಯುವ, ತನಗೇ ಹಾನಿ ಮಾಡಿಕೊಳ್ಳುವ ಯೋಚನೆಗಳ ಬಗ್ಗೆ. ಅದಕ್ಕೆ ಹೌದು ಎಂದವರನ್ನು ಅದೇ ದಿನ ಯಾರು ಮಾತಾಡಿಸುತ್ತಾರೆ ಎಂದು ಮೊದಲೇ ಗೊತ್ತುಮಾಡಿರಬೇಕು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಅದನ್ನು ಒಪ್ಪಿಗೆ ಪತ್ರದಲ್ಲೇ ಅಚ್ಚು ಹಾಕಿಸಿ.

ಪರಿಣಾಮ ಪ್ರತಿಸಲವೂ ಬರುತ್ತದೆ, ಆದರೆ ಯಾವುದರ ಜೊತೆಗೂ ಹೊಂದುವುದಿಲ್ಲ

ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ದೋಷ ಇದು. ಇಲ್ಲಿ ಎಲ್ಲವೂ ಸರಿಯಾಗಿಯೇ ಕಾಣುತ್ತದೆ.

ಜಾನ್ ರಿಡ್ಲಿ ಸ್ಟ್ರೂಪ್ 1935ರಲ್ಲಿ ಪ್ರಕಟಿಸಿದ ಪ್ರಯೋಗ ಎಲ್ಲರಿಗೂ ಗೊತ್ತು. "ಕೆಂಪು" ಎಂಬ ಪದವನ್ನು ನೀಲಿ ಶಾಯಿಯಲ್ಲಿ ಬರೆದು, ಶಾಯಿಯ ಬಣ್ಣ ಹೇಳಿ ಎಂದರೆ ಜನ ತಡವರಿಸುತ್ತಾರೆ. ಯಾವ ತರಗತಿಯಲ್ಲಿ ಮಾಡಿದರೂ ಪರಿಣಾಮ ಬರುತ್ತದೆ. ಇಷ್ಟು ಗಟ್ಟಿಯಾದ ಪ್ರಯೋಗವನ್ನು ವ್ಯಕ್ತಿಗಳ ಆತ್ಮನಿಯಂತ್ರಣ ಅಳೆಯಲು ಬಳಸಿದರೆ ಒಳ್ಳೆಯದಲ್ವಾ ಎಂದು ಅನ್ನಿಸುತ್ತದೆ. ಬಳಸುತ್ತಾರೆ. ಆಮೇಲೆ ಅಂಕಗಳು, ನಿದ್ದೆ, ಮೊಬೈಲ್ ಬಳಕೆ, ಯಾವುದರ ಜೊತೆಗೂ ಸಹಸಂಬಂಧ ಸಿಗುವುದಿಲ್ಲ.

ಕ್ರೇಗ್ ಹೆಡ್ಜ್, ಜಾರ್ಜಿನಾ ಪೊವೆಲ್, ಪೆಟ್ರೊಕ್ ಸಮ್ನರ್ 2018ರಲ್ಲಿ ಇಂಥ ಏಳು ಪ್ರಸಿದ್ಧ ಪ್ರಯೋಗಗಳಲ್ಲಿ ಪ್ರತಿಯೊಂದನ್ನೂ ಅದೇ ಜನರ ಮೇಲೆ ಮೂರು ವಾರ ಬಿಟ್ಟು ಎರಡು ಸಲ ಮಾಡಿಸಿದರು. ರಿಲಯಬಿಲಿಟಿ 0ಯಿಂದ 0.82ರವರೆಗೆ ಹರಡಿತ್ತು, ಬಹುಪಾಲು ಕಡಿಮೆಯೇ ಇತ್ತು. ಕಾರಣ ಸರಳ. ಒಂದು ಪರಿಣಾಮ ಪ್ರತಿಸಲ ಬರಬೇಕಾದರೆ ಎಲ್ಲರಲ್ಲೂ ಅದು ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿರಬೇಕು. ವ್ಯಕ್ತಿಗಳನ್ನು ಮೇಲೆ ಕೆಳಗೆ ಎಂದು ಸಾಲಾಗಿ ನಿಲ್ಲಿಸಬೇಕಾದರೆ ಅವರ ನಡುವೆ ವ್ಯತ್ಯಾಸ ದೊಡ್ಡದಿರಬೇಕು. ಒಂದಕ್ಕೆ ಬೇಕಾದದ್ದು ಇನ್ನೊಂದಕ್ಕೆ ಅಡ್ಡಿ.

ಕಳೆಯುವ ಲೆಕ್ಕವೂ ಇದಕ್ಕೆ ಸೇರಿಕೊಳ್ಳುತ್ತದೆ. ಪದಕ್ಕೂ ಬಣ್ಣಕ್ಕೂ ತಾಳೆಯಾಗುವ ಸುತ್ತಿನ ಸಮಯದ ರಿಲಯಬಿಲಿಟಿ 0.85, ತಾಳೆಯಾಗದ ಸುತ್ತಿನದೂ 0.85 ಎಂದುಕೊಳ್ಳಿ. ಚುರುಕಿನವರು ಎರಡರಲ್ಲೂ ಚುರುಕು, ನಿಧಾನದವರು ಎರಡರಲ್ಲೂ ನಿಧಾನ. ಹಾಗಾಗಿ ಎರಡರ ನಡುವೆ ಸಹಸಂಬಂಧ 0.75. ಎರಡರ ಹರವೂ ಒಂದೇ ಇದ್ದರೆ, ಒಂದರಿಂದ ಇನ್ನೊಂದನ್ನು ಕಳೆದ ಅಂಕದ ರಿಲಯಬಿಲಿಟಿ ಎಷ್ಟು? 0.85ರಿಂದ 0.75 ಕಳೆದರೆ 0.10. 1ರಿಂದ 0.75 ಕಳೆದರೆ 0.25. ಭಾಗಿಸಿದರೆ 0.40. ಒಳ್ಳೆಯ ಎರಡು ಅಳತೆಗಳಿಂದ ಕೆಟ್ಟದೊಂದು ಹುಟ್ಟಿತು. ಜನರಲ್ಲಿ ಸಮಾನವಾಗಿದ್ದದ್ದನ್ನು ಕಳೆದುಬಿಟ್ಟಿದ್ದೀರಿ, ಉಳಿದದ್ದರಲ್ಲಿ ಗದ್ದಲವೇ ಜಾಸ್ತಿ. ಆತಂಕದವರ ಗಮನ ಎತ್ತ ಹೋಗುತ್ತದೆ ಎಂದು ನೋಡುವ ಡಾಟ್ ಪ್ರೋಬ್ ಪ್ರಯೋಗ 1986ರಿಂದ ಬಳಕೆಯಲ್ಲಿದೆ. ಅದರ ವ್ಯತ್ಯಾಸದ ಅಂಕಗಳು ಭರವಸೆಗೆ ತಕ್ಕವಲ್ಲ ಎಂದು 2005ರಲ್ಲೇ ತೋರಿಸಿದ್ದಾರೆ.

ಏನು ಮಾಡಬೇಕು? ನಿಮ್ಮ ಪ್ರಶ್ನೆ ಗುಂಪುಗಳ ಅಥವಾ ಸಂದರ್ಭಗಳ ನಡುವಿನದಾದರೆ ಸ್ಟ್ರೂಪ್ ಧೈರ್ಯವಾಗಿ ಬಳಸಿ. ವ್ಯಕ್ತಿ ವ್ಯಕ್ತಿಗಳ ನಡುವಿನದಾದರೆ ಸುತ್ತುಗಳನ್ನು ಹೆಚ್ಚಿಸಿ. ನಿಮ್ಮದೇ ಡೇಟಾವನ್ನು ಬೆಸ ಸುತ್ತು, ಸರಿ ಸುತ್ತು ಎಂದು ಒಡೆದು ವ್ಯತ್ಯಾಸದ ಅಂಕದ ರಿಲಯಬಿಲಿಟಿ ವರದಿ ಮಾಡಿ. ಸ್ಪಿಯರ್‌ಮನ್ ಮತ್ತು ಬ್ರೌನ್ 1910ರಲ್ಲಿ ಬೇರೆ ಬೇರೆಯಾಗಿ ಕೊಟ್ಟ ಸೂತ್ರದ ಪ್ರಕಾರ 0.50 ಇರುವ ಅಳತೆಯನ್ನು ಎರಡು ಪಟ್ಟು ಉದ್ದ ಮಾಡಿದರೆ 0.67, ನಾಲ್ಕು ಪಟ್ಟು ಮಾಡಿದರೆ 0.80. ಸುಸ್ತಾಗಿ ತೂಕಡಿಸುವಷ್ಟು ಉದ್ದ ಮಾಡಿದರೆ ಮಾತ್ರ ಈ ಲೆಕ್ಕ ನಡೆಯುವುದಿಲ್ಲ.

ಕನ್ನಡದಲ್ಲಿ ಸ್ಟ್ರೂಪ್ ಮಾಡುವವರು ಇನ್ನೊಂದನ್ನು ನೋಡಬೇಕು. ಈ ತಡವರಿಕೆ ಹುಟ್ಟುವುದು ಓದು ತಾನಾಗಿಯೇ ಆಗಿಬಿಡುವುದರಿಂದ. ಇಂಗ್ಲಿಷ್ ಮಾಧ್ಯಮದಲ್ಲಿ ಓದಿ ಕನ್ನಡ ಅಕ್ಷರಗಳನ್ನು ಕೂಡಿಸಿ ಓದುವ ವಿದ್ಯಾರ್ಥಿಗೆ "ಹಸಿರು" ಅಷ್ಟಾಗಿ ಅಡ್ಡ ಬರುವುದಿಲ್ಲ. ಅವನ ಅಂಕ ಚೆನ್ನಾಗಿ ಬರುತ್ತದೆ. ಅದು ಆತ್ಮನಿಯಂತ್ರಣವಲ್ಲ, ಕನ್ನಡ ಓದುವ ಅಭ್ಯಾಸ ಕಡಿಮೆ ಇರುವುದು. ಒಂದು ನಿಮಿಷದ ಗಟ್ಟಿ ಓದಿನ ಪರೀಕ್ಷೆಯನ್ನೂ ಜೊತೆಗೆ ಇಟ್ಟರೆ ಇದು ಬೇರ್ಪಡುತ್ತದೆ.

ಸಹಸಂಬಂಧ ನಿರೀಕ್ಷೆಯ ಅರ್ಧ ಮಾತ್ರ

ಎರಡು ಗುಣಗಳ ನಡುವೆ ನಿಜವಾದ ಸಂಬಂಧ 0.50 ಇದೆ ಎನ್ನಿ. ಒಂದರ ಅಳತೆಯ ರಿಲಯಬಿಲಿಟಿ 0.60, ಇನ್ನೊಂದರದು 0.50. ಎರಡನ್ನೂ ಗುಣಿಸಿ ವರ್ಗಮೂಲ ತೆಗೆದರೆ ಸುಮಾರು 0.55. ಹಾಗಾಗಿ ನಿಮ್ಮ ಡೇಟಾದಲ್ಲಿ ಕಾಣುವುದು ಸುಮಾರು 0.27. ಇದರ ಬೆಲೆಯನ್ನು ಪ್ರಯೋಗಕ್ಕೆ ಬೇಕಾದ ಜನರ ಸಂಖ್ಯೆಯಲ್ಲಿ ಕಟ್ಟಬೇಕಾಗುತ್ತದೆ. 80 ಶೇಕಡಾ ಪವರ್, ಅಂದರೆ ಇರುವ ಸಂಬಂಧವನ್ನು ನೂರಕ್ಕೆ 80 ಸಲ ಹಿಡಿಯುವ ಶಕ್ತಿ, ಬೇಕಾದರೆ 0.50ಕ್ಕೆ 29 ಜನ ಸಾಕು, 0.27ಕ್ಕೆ 105 ಜನ ಬೇಕು. ಚಾರ್ಲ್ಸ್ ಸ್ಪಿಯರ್‌ಮನ್ ಈ ಲೆಕ್ಕವನ್ನು 1904ರಲ್ಲೇ ಕೊಟ್ಟಿದ್ದರು. ಲಂಡನ್ನಿನಲ್ಲಿ ಅವರ ಬಳಿ ತರಬೇತಾಗಿ ಬಂದ ಎಂ. ವಿ. ಗೋಪಾಲಸ್ವಾಮಿ 1924ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಮನೋವಿಜ್ಞಾನ ವಿಭಾಗ ಶುರು ಮಾಡಿದರು. ಅಂದರೆ ಅಳತೆಯ ಈ ವಿದ್ಯೆ ನಮ್ಮಲ್ಲಿಗೆ ಬಂದು ನೂರು ವರ್ಷ ಆಗಿದೆ. ಪ್ರಬಂಧಗಳಲ್ಲಿ ಇನ್ನೂ ಸರಿಯಾಗಿ ಕಾಣುತ್ತಿಲ್ಲ ಎಂಬುದು ನನ್ನ ಬೇಸರ.

ಇಬ್ಬರು ನೋಡಿ ಅಂಕ ಕೊಟ್ಟಿದ್ದಾರೆ, 90 ಶೇಕಡಾ ಒಪ್ಪಿಗೆ ಇದೆ

ಸಾಲದು. ಮಕ್ಕಳ ಆಟದ 100 ವಿಡಿಯೋ ತುಣುಕುಗಳಲ್ಲಿ ಆಕ್ರಮಣಶೀಲತೆ ಇದೆಯೇ ಎಂದು ಇಬ್ಬರು ಗುರುತಿಸುತ್ತಾರೆ. 88ರಲ್ಲಿ ಇಬ್ಬರೂ ಇಲ್ಲ ಎಂದರು. 2ರಲ್ಲಿ ಇಬ್ಬರೂ ಇದೆ ಎಂದರು. 10ರಲ್ಲಿ ಭಿನ್ನಾಭಿಪ್ರಾಯ, ಐದರಲ್ಲಿ ಒಬ್ಬರು ಹೌದು, ಐದರಲ್ಲಿ ಇನ್ನೊಬ್ಬರು ಹೌದು. ಒಪ್ಪಿಗೆ 90 ಶೇಕಡಾ. ಆದರೆ ಇಬ್ಬರೂ ತುಣುಕು ನೋಡದೆಯೇ, ನೂರಕ್ಕೆ ಏಳರಲ್ಲಿ ಹೌದು, ಉಳಿದವುಗಳಲ್ಲಿ ಇಲ್ಲ ಎಂದು ಸುಮ್ನೆ ಗುರುತು ಹಾಕುತ್ತಾ ಹೋದರೂ ಆಕಸ್ಮಿಕವಾಗಿಯೇ ಸುಮಾರು 87 ಶೇಕಡಾ ಒಪ್ಪಿಗೆ ಬರುತ್ತಿತ್ತು. ಈ ಆಕಸ್ಮಿಕ ಒಪ್ಪಿಗೆಯನ್ನು ಬಿಟ್ಟು ನೋಡುವ ಜೇಕಬ್ ಕೋಹೆನ್ ಅವರ ಕಪ್ಪಾ ಲೆಕ್ಕ ಹಾಕಿದರೆ ಬರೀ 0.23. ಅಳತೆ ಗುರುತಿಸಬೇಕಾದದ್ದೇ ಆಕ್ರಮಣದ ತುಣುಕುಗಳನ್ನು, ಅಲ್ಲೇ ಇಬ್ಬರಿಗೂ ಹೊಂದಾಣಿಕೆ ಇಲ್ಲ. ಹತ್ತು ಭಿನ್ನ ತುಣುಕುಗಳನ್ನು ಇಬ್ಬರೂ ಕೂತು ನೋಡಲಿ. ಸಾಮಾನ್ಯವಾಗಿ ನಿಯಮದಲ್ಲೇ ಒಂದು ಬಿರುಕು ಇರುತ್ತದೆ, "ತಳ್ಳುವುದು ಆಟವೋ ಜಗಳವೋ" ಎಂಬಂಥದ್ದು. ನಿಯಮ ತಿದ್ದಿದ ಮೇಲೆ ಹೊಸ ತುಣುಕುಗಳ ಮೇಲೆ ಪರೀಕ್ಷಿಸಿ, ಹಳೆಯವುಗಳ ಮೇಲೆ ಬೇಡ.

ಪರಿಣಾಮ ಬಂದಿದೆ, ಆದರೆ ಅದು ನೀವು ಹೇಳುವುದೇನಾ

ಫಲಿತಾಂಶ ಬಂದಾಗ ಯಾರೂ ತಪಾಸಣೆ ಮಾಡುವುದಿಲ್ಲ. ಮಾಡಬೇಕು. ಹೆಸರು ಒಂದೇ ಇದ್ದ ಮಾತ್ರಕ್ಕೆ ಅಳತೆಗಳು ಒಂದೇ ಆಗುವುದಿಲ್ಲ. ಐಕೋ ಫ್ರೀಡ್ 2017ರಲ್ಲಿ ಖಿನ್ನತೆಯ ಏಳು ಜನಪ್ರಿಯ ಸ್ಕೇಲುಗಳನ್ನು ಪಕ್ಕಪಕ್ಕ ಇಟ್ಟು ನೋಡಿದರು. ಅವುಗಳಲ್ಲಿ ಒಟ್ಟು 52 ಬೇರೆ ಬೇರೆ ಲಕ್ಷಣಗಳಿದ್ದವು, ಒಂದಕ್ಕೊಂದು ಹೊಂದಿದ್ದು ಸ್ವಲ್ಪವೇ. ಒಂದರಲ್ಲಿ ನಿದ್ದೆ ಹಸಿವು ಜಾಸ್ತಿ, ಇನ್ನೊಂದರಲ್ಲಿ ಮನಸ್ಸಿನ ಮಾತು ಜಾಸ್ತಿ. ಯೋಗದಿಂದ ಖಿನ್ನತೆ ಇಳಿಯಿತು ಎಂದು ಬರೆಯುವ ಮುಂಚೆ ಪ್ರಶ್ನೆವಾರು ನೋಡಿ. ಇಳಿದದ್ದು ನಿದ್ದೆಯ ಒಂದೆರಡು ಪ್ರಶ್ನೆಗಳಷ್ಟೇ ಇರಬಹುದು. ಅದೂ ಒಳ್ಳೆಯ ಫಲಿತಾಂಶವೇ, ಆದರೆ ಹೆಸರು ಬೇರೆ.

ಡೊನಾಲ್ಡ್ ಕ್ಯಾಂಪ್‌ಬೆಲ್ ಮತ್ತು ಡೊನಾಲ್ಡ್ ಫಿಸ್ಕ್ 1959ರಲ್ಲಿ ಹೇಳಿದ ದಾರಿ ಇವತ್ತಿಗೂ ಸರಿ. ಒಂದೇ ಗುಣವನ್ನು ಎರಡು ಬೇರೆ ವಿಧಾನದಲ್ಲಿ ಅಳೆಯಿರಿ, ಬೇರೆ ಗುಣವೊಂದನ್ನೂ ಅದೇ ವಿಧಾನಗಳಲ್ಲಿ ಅಳೆಯಿರಿ. ಒತ್ತಡದ ಪ್ರಶ್ನಾವಳಿ ಒತ್ತಡದ ಬೇರೊಂದು ಬಗೆಯ ಅಳತೆಗಿಂತ ಸ್ವಾಭಿಮಾನದ ಪ್ರಶ್ನಾವಳಿಯ ಜೊತೆಗೇ ಹೆಚ್ಚು ಹೊಂದಿದರೆ, ನೀವು ಅಳೆದದ್ದು ಪ್ರಶ್ನಾವಳಿ ತುಂಬುವ ರೀತಿಯನ್ನು.

ಬೇರೆ ಜನರಿಗಾಗಿ ಮಾಡಿದ ಅಳತೆಯನ್ನು ಹಾಗೇ ತರುವುದು ಹಳೆಯ ಸಮಸ್ಯೆ. ಧಾರವಾಡದ ವಿ. ವಿ. ಕಾಮತ್ 1930ರ ದಶಕದಲ್ಲಿ ಬಿನೆ ಬುದ್ಧಿಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಾತಾಡುವ ಮಕ್ಕಳಿಗಾಗಿ ಹೊಂದಿಸಿದಾಗ ಅನುವಾದಕ್ಕೆ ನಿಲ್ಲಲಿಲ್ಲ, ಮಕ್ಕಳ ಮೇಲೆ ಪ್ರಯೋಗಿಸಿ ಮತ್ತೆ ಅಳವಡಿಸಿದರು. ಅಷ್ಟು ದೊಡ್ಡ ಕೆಲಸ ಒಂದು ಪ್ರಬಂಧಕ್ಕೆ ಆಗದು. ಕನ್ನಡದಲ್ಲಿ ಈಗಾಗಲೇ ಪರೀಕ್ಷಿಸಿದ ರೂಪ ಇದೆಯೇ ಎಂದು ಹುಡುಕುವುದಂತೂ ಆಗುತ್ತದೆ.

ಇನ್ನೊಂದು ದೋಷ ಡೇಟಾದಲ್ಲಿ ಕಾಣುವುದೇ ಇಲ್ಲ. ಎದುರಾಳಿಗೆ ಕೇಳಿಸುವ ಕರ್ಕಶ ಸದ್ದಿನ ಜೋರು ಮತ್ತು ಅವಧಿಯಿಂದ ಆಕ್ರಮಣಶೀಲತೆ ಅಳೆಯುವ ಒಂದು ಸ್ಪರ್ಧೆಯ ಪ್ರಯೋಗ ಇದೆ. ಮಾಲ್ಟೆ ಎಲ್ಸನ್ ಅದನ್ನು ಬಳಸಿದ 130 ಪ್ರಕಟಣೆಗಳನ್ನು ನೋಡಿದಾಗ ಅಂಕ ಲೆಕ್ಕ ಹಾಕಿದ ವಿಧಾನಗಳು 150ಕ್ಕೂ ಹೆಚ್ಚಿದ್ದವು. ಪ್ರಕಟಣೆಗಳಿಗಿಂತ ವಿಧಾನಗಳೇ ಜಾಸ್ತಿ. ಅಂಕ ಹೇಗೆ ಲೆಕ್ಕ ಹಾಕುತ್ತೀರಿ, ಯಾರನ್ನು ಬಿಡುತ್ತೀರಿ ಎಂದು ಡೇಟಾ ಬರುವ ಮುಂಚೆ ದಿನಾಂಕ ಹಾಕಿ ಬರೆದಿಡಿ.

ಈಗಾಗಲೇ ಡೇಟಾ ಕೈಯಲ್ಲಿದ್ದರೆ

ತಿರುಗಿಸಲು ಮರೆತದ್ದು, ಗುಣಿಸಲು ಮರೆತದ್ದು ಇವತ್ತೇ ಸರಿಮಾಡಬಹುದು. ಆಲ್ಫಾ ಏರಲಿ ಎಂದು ಪ್ರಶ್ನೆಗಳನ್ನು ಒಂದೊಂದಾಗಿ ಕಿತ್ತು ಹಾಕಬೇಡಿ. ಆಗ ಅದು ಆ ಸ್ಕೇಲ್ ಆಗಿ ಉಳಿಯುವುದಿಲ್ಲ, ಬೇರೆಯವರ ಫಲಿತಾಂಶಗಳ ಜೊತೆ ಹೋಲಿಸಲೂ ಆಗುವುದಿಲ್ಲ. ಮುಂಚಿನ ಅಂಕವನ್ನು ಬರೀ ಕಳೆಯುವ ಬದಲು ಕೋವೇರಿಯೇಟ್ ಆಗಿ (ಅಂದರೆ ಶುರುವಿನ ವ್ಯತ್ಯಾಸವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಅಂಕವಾಗಿ) ಇಟ್ಟು ನಂತರದ ಅಂಕವನ್ನು ವಿಶ್ಲೇಷಿಸಿದರೆ ಯಾದೃಚ್ಛಿಕವಾಗಿ ಹಂಚಿದ ಗುಂಪುಗಳಲ್ಲಿ ಸಾಮಾನ್ಯವಾಗಿ ಹೆಚ್ಚು ನಿಖರತೆ ಸಿಗುತ್ತದೆ.

ಕಾಲಾವಧಿ ತಪ್ಪಿದ ಸ್ಕೇಲನ್ನು ಮಾತ್ರ ಯಾವ ವಿಶ್ಲೇಷಣೆಯೂ ಉಳಿಸದು. ನಮ್ಮ ಉಸಿರಾಟದ ಪ್ರಯೋಗದ ವರದಿಯಲ್ಲಿ "ಪರಿಣಾಮ ಇಲ್ಲ" ಎಂದು ಬರೆಯಬಾರದು. "ಈ ಅಳತೆ ಕಳೆದ ತಿಂಗಳನ್ನು ಕೇಳುತ್ತದೆ, ಹಾಗಾಗಿ ಈ ಪ್ರಶ್ನೆಗೆ ಉತ್ತರ ಹೇಳಲಾರದು" ಎಂದು ಬರೆಯಬೇಕು. ಪಿಎಸ್‌ಎಸ್ ಅಂಕವನ್ನು ಶುರುವಿನ ಒತ್ತಡದ ಮಟ್ಟ ಎಂದು ಉಳಿಸಿಕೊಳ್ಳಿ, ಆ ಕೆಲಸಕ್ಕೆ ಅದು ಚೆನ್ನಾಗಿಯೇ ಇದೆ. ಮುಂದಿನ ಸುತ್ತಿನಲ್ಲಿ ಉಳಿದದ್ದೇನನ್ನೂ ಬದಲಿಸದೆ, ಮುಂಚೆ ಮತ್ತು ಆಮೇಲೆ ಎರಡೂ ಸಲ ಸದ್ಯದ ಆತಂಕ ಕೇಳುವ ಆರು ಪ್ರಶ್ನೆಗಳನ್ನು ಕೊಡಿ.